ಎತ್ತಿನ ಕೂಗಿಗೆ ನಿಂತ ಕುದುರಿ

ಬಾಳಕ್ಕಾ,

ಸತ್ತವರಿಗೆ ಕಾಗದ ಬರೆಯೋದು ಹುಚ್ಚುತನ, ಗೊತ್ತದ. ಆದ್ರ ನನ್ನ ಎದಿ ಇನ್ನೂ ಡವಡವ ಅನ್ನಾಕತ್ತೇತಿ, ಯಾರಿಗರೆ ಹೇಳಬೇಕಲಾ.

ನಿನ್ನ ಮಗಳು ಪ್ರೇರಣಾ ಶನಿವಾರ, ರವಿವಾರ ಕೊಲ್ಹಾಪುರಕ್ಕ ಹೋಗತಾಳ, ಓಡೋ ಕುದುರಿ ಮ್ಯಾಲೆ ಕಸರತ್ತು ಕಲಿಯಾಕ. ಇವತ್ತು ನಾನೂ ಹೋದೆ. "ನಮ್ಮೂರು ದಾನೋಳಿಯಾಗ ನನ್ನಂಗ ಎತ್ತು ಓಡಿಸಿದಾಂವ ಇಲ್ಲ, ಕುದುರಿ ಯಾವ ಲೆಕ್ಕ?" ಅಂತ ಅಲ್ಲಿದ್ದವರ ಮುಂದ ಬಡಾಯಿ ಕೊಚ್ಚಿದೆ. ಅಷ್ಟರಾಗ, ಕಲಿಸೋ ಸರ್ ಉದ್ದ ಹಗ್ಗ ಹಿಡದು ಸುತ್ತ ಓಡಿಸಾಕತ್ತಿದ್ದ ಕುದುರಿ ಬೆನ್ನ ಮ್ಯಾಲೆ ಈಕಿ ಕೈ ಬಿಟ್ಟು ಎದ್ದು ನಿಂತಳು! ನಾ ಹೆದರಿ, ಎತ್ತು ನಿಲ್ಲಿಸಾಕ ಕೂಗಿದಂಗ "ಹೋ! ಹೋ!" ಅಂತ ಕೂಗಿಬಿಟ್ಟೆ. ಕುದುರಿಗೂ ನನ್ನ ಮಾತು ತಿಳೀತು ನೋಡು, ಗಕ್ಕನ ನಿಂತಿತು. ಹುಡುಗಿ ಮುಂದಕ್ಕ ಹಾರಿದಳು. ನಾ ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಆಕಿ ಮಣ್ಣಿನ್ಯಾಗ ಎರಡೂ ಕಾಲ ಮ್ಯಾಲೆ ನಿಂತಿದ್ದಳು. ಸರ್ ನನಗ "ಕಾಕಾ, ಗಪ್ ಬಸಾ!" ಅಂತ ಮರಾಠಿಯಾಗ ಒದರಿದ್ರು, ಸುಮ್ಮನ ಕುಂಡ್ರು ಅಂತ.

ಬಸ್ಸಿನ್ಯಾಗ ಕೇಳಿದಳು, "ಮಾಮಾ, ಅವ್ವ ಇದ್ದಿದ್ರ ಆಕಿನೂ ಹಿಂಗ ಕೂಗತಿದ್ಳೇನು?"

"ಛೇ, ಚಪ್ಪಾಳಿ ಹೊಡಿತಿದ್ಳು" ಅಂದೆ. ಊರು ಬರೋ ತನಕ ಆಕಿ ನನ್ನ ಕೈ ಬಿಡಲಿಲ್ಲ.

ಚಪ್ಪಾಳಿನ ಹೊಡಿತಿದ್ದಿ, ಹೌದಿಲ್ಲೋ ಅಕ್ಕಾ?