ಲಕೋಟೆ ಇಲ್ಲದ ಪತ್ತೇದಾರಿ ಆಟ

ಲುಬ್ಲಿನ್,
ಡಿಸೆಂಬರ್ ಒಂಬತ್ತು, ಸೋಮವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಝೆನೆಕ್‌ಗೆ,

ನಿನ್ನ ಮೊಣಕಾಲು ಹೇಗಿದೆ? ಗ್ದಾನ್ಸ್ಕ್‌ನಲ್ಲಿ ಗಾಳಿ ಜೋರಾಗಿದೆಯೆಂದು ರೇಡಿಯೊದಲ್ಲಿ ಹೇಳಿದರು. ಸಮುದ್ರದ ಗಾಳಿ ಕೀಲುಗಳಿಗೆ ಕೆಟ್ಟದ್ದು ಎಂದು ನಿನ್ನ ಅತ್ತಿಗೆ ಹಲಿನಾ ಹೇಳುತ್ತಿದ್ದಳು, ನಮ್ಮ ಡಾಕ್ಟರು ಒಳ್ಳೆಯದು ಎನ್ನುತ್ತಾರೆ, ಇಬ್ಬರಲ್ಲಿ ಯಾರನ್ನು ನಂಬುವುದೋ ನನಗಿನ್ನೂ ಬಗೆಹರಿದಿಲ್ಲ. ಉಣ್ಣೆಯ ಪಟ್ಟಿ ಕಟ್ಟಿಕೊ. ನಾನು ಪರವಾಗಿಲ್ಲ. ಮಗಳು ಬೊಝೆನಾ ಮಾತ್ರೆಯ ಡಬ್ಬಿಗಳ ಮೇಲೆ ವಾರಗಳ ಹೆಸರು ಬರೆದಿಟ್ಟಿದ್ದಾಳೆ. ಇವತ್ತು ಯಾವ ವಾರ ಎಂಬುದನ್ನು ಮಾತ್ರ ನಾನೇ ನೆನಪಿಟ್ಟುಕೊಳ್ಳಬೇಕು. ಅಳಿಯ ಮಿರೆಕ್‌ಗೆ ನೆಗಡಿ. ಮೊಮ್ಮಗಳು ಕಿಂಗಾಗೆ ಹನ್ನೆರಡು ತುಂಬಿತು, ನನ್ನ ಭುಜಕ್ಕೆ ಬಂದಿದ್ದಾಳೆ.

ಈಗ ಒಂದು ಗೊಂದಲ, ಅದಕ್ಕೇ ಬರೆಯಲು ಕೂತೆ. ಕ್ರಿಸ್‌ಮಸ್ ಹಬ್ಬದ ಎರಡನೆಯ ದಿನ ಊಟವಾದ ಮೇಲೆ ಎಲ್ಲರೂ ಮೇಜಿನ ಸುತ್ತ ಕೂತು ಪತ್ತೇದಾರಿ ಆಟ ಆಡುವುದು ನಮ್ಮಲ್ಲಿ ಬೊಝೆನಾಳ ಹಾಲುಹಲ್ಲು ಬೀಳುವ ವಯಸ್ಸಿನಿಂದ ನಡೆದು ಬಂದದ್ದು. ಹೋದ ವರ್ಷ ಆಡಲಿಲ್ಲ. ಅದರ ಹಿಂದಿನ ವರ್ಷ ಏನಾಯಿತೆಂದು ನಿನಗೆ ಗೊತ್ತು, ನಿನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ಕೊಲೆಗಾರನ ಹೆಸರಿನ ಚೀಟಿ ಇಟ್ಟಿದ್ದ ಲಕೋಟೆಯನ್ನು ಕಿಂಗಾ ಎತ್ತಿ ಹಿಡಿದು, ಇದನ್ನ ಯಾರೋ ಮೊದಲೇ ತೆಗೆದು ನೋಡಿದಾರೆ ಅಂದಳು. ನಾನು ನಿನ್ನ ಕಡೆ ತಿರುಗಿ, “ನಿಂದೇ ಕೆಲಸ ಝೆನೆಕ್, ಚಿಕ್ಕಂದಿನಿಂದ ನಿನ್ನ ಕೈ ಸುಮ್ನಿರಲ್ಲ” ಅಂದೆ. ನೀನು ಮೊದಲು ನಕ್ಕೆ. ನಾನು ಮತ್ತೆ ಹೇಳಿದೆ. ಆಗ ನೀನು, “ನಲವತ್ತು ವರ್ಷ ಕ್ರೇನಿನ ಮೇಲೆ ಕೂತು ಹಡಗಿನ ಸರಕು ಇಳಿಸಿದೋನು ಕಣೋ ನಾನು, ರಟ್ಟಿನ ಕೊಲೆಗಾರನ್ನ ಹಿಡಿಯೋಕೆ ಕಳ್ಳತನ ಮಾಡೋ ಗತಿ ಬಂದಿಲ್ಲ” ಎಂದು ಕೋಟು ಹಾಕಿಕೊಂಡೆ. ಗಸಗಸೆ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಆಮೇಲೆ ನಿನ್ನನ್ನು ನೋಡಿದ್ದು ಈ ಮಾರ್ಚಿನಲ್ಲಿ, ಹಲಿನಾಳ ಮಣ್ಣಿಗೆ ಬಂದಾಗ. ನೀನು ಹಿಂದಿನ ಸಾಲಿನಲ್ಲಿ ನಿಂತಿದ್ದೆ; ಸೂಪು ಕುಡಿಯಲೂ ಮನೆಗೆ ಬಾರದೆ ಬಸ್ಸು ಹತ್ತಿದೆ.

ಈ ವರ್ಷ ಆಟ ಬೇಕೇ ಬೇಕು ಎಂದು ಕಿಂಗಾಳ ಹಟ. ಹಳೆಯ ಪೆಟ್ಟಿಗೆ ಬೇಡ, ಅದನ್ನು ನೋಡಿದರೆ ಚಿಕ್ಕತಾತನ ಜಗಳ ನೆನಪಾಗುತ್ತದೆ, ಹೊಸದು ತನ್ನಿ ಎಂದಳು. ಆಯಿತು ಎಂದು ಶನಿವಾರ ಅಂಗಡಿಗೆ ಹೋದೆ. ಝೆನೆಕ್, ಅಲ್ಲಿ ನಿಂತಾಗ ನನ್ನ ತಲೆ ನಿಂತುಹೋಯಿತು. ನೆಲದಿಂದ ಸೂರಿನವರೆಗೂ ಪೆಟ್ಟಿಗೆಗಳು. ಬಂಗಲೆಯಲ್ಲಿ ಕೊಲೆ, ಹಡಗಿನಲ್ಲಿ ಕೊಲೆ, ಸನ್ಯಾಸಿಗಳ ಮಠದಲ್ಲಿ ಕೊಲೆ. ಒಂದರಲ್ಲಿ ಸತ್ತವರೇ ದೆವ್ವವಾಗಿ ಬಂದು, ಬಾಯಿ ಬಿಡದೆ, ಚಿತ್ರ ತೋರಿಸಿ ಸುಳಿವು ಕೊಡಬೇಕಂತೆ. ಅದು ನನಗೆ ಹಿಡಿಸಿತ್ತು. ಆದರೆ ಹೊರಡುವಾಗಲೇ ಬೊಝೆನಾ, “ಅಪ್ಪಾ, ಅಮ್ಮ ಹೋಗಿ ವರ್ಷ ಆಗಿಲ್ಲ. ಹೆಣ ಬೀಳೋ ಆಟ ಮಾತ್ರ ತರಬೇಡ” ಎಂದಿದ್ದಳು. ದೆವ್ವ ಹೆಣದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಯೋಚಿಸುತ್ತ ಕಾಲು ಗಂಟೆ ಅದನ್ನು ಹಿಡಿದು ನಿಂತಿದ್ದೆ. ಕಡೆಗೆ ಅಂಗಡಿಯ ಹುಡುಗಿ ಬಂದಳು, ಹುಬ್ಬಿಗೆ ಉಂಗುರ ಹಾಕಿಕೊಂಡವಳು, ಮಾತು ಮಾತ್ರ ಮೃದು. ಯಾವ ಥರದ್ದು ಬೇಕು ತಾತ ಎಂದು ಕೇಳಿದಳು. ಲಕೋಟೆ ಇಲ್ಲದ ಪತ್ತೇದಾರಿ ಆಟ ಬೇಕು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಉತ್ತರವನ್ನು ಎಲ್ಲೂ ಮುಚ್ಚಿಟ್ಟಿರಬಾರದು, ಕದ್ದು ನೋಡುವುದಕ್ಕೆ ಏನೂ ಇರಬಾರದು ಎಂದು ಬಿಡಿಸಿ ಹೇಳಿದೆ. “ಮುಚ್ಚಿಡದೇ ಇದ್ರೆ ಪತ್ತೆ ಮಾಡೋದೇನನ್ನ ತಾತ? ಮೀನು ಹಾಕದೆ ಮೀನಿನ ಸಾರು ಮಾಡಿ ಅಂದಂಗಾಯ್ತು” ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, “ನಿಮ್ಮನೇಲಿ ಯಾರಾದ್ರೂ ಕದ್ದು ನೋಡ್ತಾರಾ?” ಎಂದು ಕೇಳಿದಳು. ನಾನು ಪಕ್ಕದ ರೈಲು ಆಟದ ಪೆಟ್ಟಿಗೆಯನ್ನು ಓದತೊಡಗಿದೆ.

ಅವಳೇ ಹುಡುಕಿ ಒಂದು ಕೊಟ್ಟಳು. ಹೋಟೆಲಿನಲ್ಲಿ ರಾಣಿಯ ಸರ ಕಳುವಾಗಿದೆ, ಯಾರೂ ಸಾಯುವುದಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಕಾರ್ಡು. ಕಳ್ಳ ಆಡುವವರಲ್ಲೇ ಒಬ್ಬ, ಅದು ಅವನೊಬ್ಬನಿಗೇ ಗೊತ್ತು. ಲಕೋಟೆಯೇ ಇಲ್ಲ. ಪೋಲಿಷ್ ಭಾಷೆಯದು ಮುಗಿದಿದೆ, ಇಂಗ್ಲಿಷಿನದು ಒಂದೇ ಉಳಿದಿದೆ, ಓದಲು ಬರುತ್ತದೆಯೇ ಎಂದಳು. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೇನಮ್ಮ ಎಂದು ಎದೆ ಸೆಟೆಸಿದೆ. ಎಷ್ಟು ಜನ ಆಡುತ್ತೀರಿ ಎಂದು ಕೇಳಿದಳು. ಐದು ಅಂದುಬಿಟ್ಟೆ.

ಮನೆಗೆ ಬಂದು ತೆರೆದಾಗ ಕಿಂಗಾ ಪೆಟ್ಟಿಗೆಯ ಬದಿ ಓದಿದಳು: ಐದೇ ಜನ ಆಡಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. “ನಾವು ನಾಲ್ಕೇ ಅಲ್ವಾ ತಾತಾ? ಐದು ಅಂತ ಯಾಕ್ ಹೇಳ್ದೆ?” ಎಂದಳು. ನಾನು ಎಣಿಸಿದ್ದು ಜನರನ್ನಲ್ಲ, ಹಬ್ಬದ ಮೇಜಿನ ತಟ್ಟೆಗಳನ್ನು. ಹೇಳದೆ ಬರುವ ಅತಿಥಿಗೆಂದು ಇಡುವ ಖಾಲಿ ತಟ್ಟೆಯೂ ಅದರಲ್ಲಿ ಸೇರಿಕೊಂಡಿತ್ತು. ಮಿರೆಕ್ ಮೂಗು ಒರೆಸಿಕೊಳ್ಳುತ್ತ, “ಒಳ್ಳೇದೇ ಆಯ್ತು ಮಾವ, ಖಾಲಿ ತಟ್ಟೆಗೂ ಒಂದು ಕಾರ್ಡ್ ಹಾಕಿ. ಅದು ಸುಳ್ಳಂತೂ ಹೇಳಲ್ಲ” ಅಂದ. ಎಲ್ಲರೂ ನಕ್ಕರು. ಬೊಝೆನಾ ನಗಲಿಲ್ಲ. ಪಾತ್ರೆ ಒರೆಸುತ್ತ ನನ್ನ ಕಡೆ ನೋಡದೆ, “ಚಿಕ್ಕಪ್ಪನ್ನ ಕರೀಬಹುದಲ್ಲ” ಎಂದಳು.

ನಿಯಮದ ಪುಸ್ತಕವನ್ನು ನಿನ್ನೆಯಿಡೀ ತರ್ಜುಮೆ ಮಾಡಿದೆ. ‘ದಿ’, ‘ಈಸ್’, ‘ಟೇಬಲ್’ ಎಲ್ಲ ನೆನಪಿವೆ. ‘ಅನ್‌ಲೆಸ್’ ಎಂಬ ಮಾತಿನ ಹತ್ತಿರ ಗಾಡಿ ನಿಂತಿತು. ಎಲ್ಲರೂ ನಿಜವನ್ನೇ ಹೇಳಬೇಕು, ಅನ್‌ಲೆಸ್ ಕಳ್ಳ, ಎಂದಿದೆ. ‘ಲೆಸ್’ ಎಂದರೆ ಕಡಿಮೆ, ಆದ್ದರಿಂದ ಕಳ್ಳನಾದವನು ನಿಜವನ್ನು ಸ್ವಲ್ಪ ಕಡಿಮೆ ಹೇಳಬೇಕು ಎಂದು ಬರೆದುಕೊಂಡಿದ್ದೆ. ಎಷ್ಟು ಕಡಿಮೆ ಎಂದು ಎಲ್ಲೂ ಇರಲಿಲ್ಲ. ಕಿಂಗಾ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, “ಕಳ್ಳನ್ನ ಬಿಟ್ಟು ಉಳಿದೋರೆಲ್ಲ ಅಂತ ತಾತಾ. ಅವನೊಬ್ಬನೇ ಸುಳ್ಳು ಹೇಳ್ಬಹುದು. ಆದ್ರೆ ಯಾರಾದ್ರೂ ನೇರವಾಗಿ ಕೇಳಿದ್ರೆ ಒಪ್ಕೋಬೇಕು, ಕೇಳೋ ಅವಕಾಶ ಮಾತ್ರ ಒಂದೇ ಸಲ” ಅಂದಳು. ಯಾರೂ ಕೇಳದಿದ್ದರೆ ಎಂದೆ. ಕೇಳದಿದ್ದರೆ ಕಳ್ಳ ಗೆದ್ದ ಹಾಗೆ ಎಂದಳು. ಹೀಗೆ ಗೆಲ್ಲುವುದು ಎಂಥ ಗೆಲುವು ಎಂದು ನನಗೆ ತಿಳಿಯಲಿಲ್ಲ, ಪುಸ್ತಕ ಮುಚ್ಚಿಟ್ಟೆ.

ಇಪ್ಪತ್ತೊಂದನೆಯ ತಾರೀಖಿನವರೆಗೆ ಪೆಟ್ಟಿಗೆ ವಾಪಸು ತೆಗೆದುಕೊಳ್ಳುತ್ತಾರಂತೆ, ನಾಲ್ವರು ಆಡುವಂಥದ್ದಕ್ಕೆ ಬದಲಿಸಿಕೊಡುತ್ತಾರಂತೆ. ಬದಲಿಸಲೋ ಇಟ್ಟುಕೊಳ್ಳಲೋ ಗೊತ್ತಾಗದೆ ಕೂತಿದ್ದೇನೆ. ನೀನು ಹೇಳಿದಂತೆ ಮಾಡುತ್ತೇನೆ. ಬರುವುದಾದರೆ ಸಣ್ಣ ಕೋಣೆಯಲ್ಲಿ ಹಾಸಿಗೆ ಹಾಕಿಸುತ್ತೇನೆ, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಬರುವುದಿಲ್ಲ ಎಂದರೂ ಒಂದು ಸಾಲು ಬರೆ.

ಬೊಝೆನಾ, ಮಿರೆಕ್ ನಮಸ್ಕಾರ ತಿಳಿಸಿದ್ದಾರೆ. ಕಿಂಗಾ ನಿನಗೊಂದು ಮುತ್ತು ಕಳಿಸಿದ್ದಾಳೆ, ಅದನ್ನು ಕಾಗದದಲ್ಲಿ ಹೇಗೆ ಇಡುವುದೋ ತಿಳಿಯದೆ ಸುಮ್ಮನೆ ಬರೆದಿದ್ದೇನೆ. ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಅಣ್ಣ,
ಲುದ್ವಿಕ್

ಮರೆತಿದ್ದೆ: ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಆ ದಿನ ಲಕೋಟೆ ತೆರೆದವಳು ನಿನ್ನ ಅತ್ತಿಗೆ. ಚಹಾ ತರಲು ಒಳಗೆ ಹೋಗಿದ್ದವನು ಬಾಗಿಲಲ್ಲೇ ನಿಂತು ನೋಡಿದೆ. ನೀವೆಲ್ಲ ಕಿಟಕಿಯ ಹತ್ತಿರ ಹಿಮ ನೋಡುತ್ತಿದ್ದಿರಿ. ಅಷ್ಟು ಹೊತ್ತಿಗಾಗಲೇ ಅವಳಿಗೆ ಹೆಸರುಗಳು ಜಾರಲು ಶುರುವಾಗಿತ್ತು, ಪಟ್ಟಿಯಲ್ಲಿ ಯಾವ ಹೆಸರು ಹೊಡೆದುಹಾಕಿದ್ದಾಯಿತು, ಯಾವುದು ಉಳಿದಿದೆ ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮಕ್ಕಳೆದುರು ಅದು ಬಯಲಾಗಬಾರದೆಂದು ಕದ್ದು ನೋಡಿದಳು. ಕಿಂಗಾ ಲಕೋಟೆ ಎತ್ತಿದಾಗ ಹಲಿನಾಳ ಮುಖ ನೋಡಿದೆ. ನೋಡಲಾರದೆ ನಿನ್ನ ಹೆಸರು ಹೇಳಿದೆ. ನೀನಾದರೆ ನಕ್ಕು ಬಿಟ್ಟುಬಿಡುತ್ತೀಯ ಎಂದುಕೊಂಡಿದ್ದೆ. ನೀನು ಎದ್ದಾಗ ತಡೆಯುವ ಧೈರ್ಯ ಬರಲಿಲ್ಲ, ಆಮೇಲೆ ದಿನ ಕಳೆದಷ್ಟೂ ಇನ್ನೂ ಬರಲಿಲ್ಲ. ಕಡೆಯ ತಿಂಗಳುಗಳಲ್ಲಿ ಅವಳು, “ಝೆನೆಕ್ ಯಾಕೆ ಬರ್ತಿಲ್ಲ?” ಎಂದು ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ಬಂದರಿನಲ್ಲಿ ಕೆಲಸ ಹೆಚ್ಚು ಎಂದು ಮೂರು ಸಲವೂ ಹೇಳುತ್ತಿದ್ದೆ. ಹಬ್ಬದ ಊಟಕ್ಕೆ ಮೊದಲು ಒಬ್ಬರದನ್ನೊಬ್ಬರು ಮುರಿದು, ತಪ್ಪಾಯಿತು ಎಂದು ಹೇಳಿ ತಿನ್ನುವ ತೆಳುರೊಟ್ಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಒಂದು ಮೂಲೆ ಮುರಿದಿರುತ್ತದೆ. ಅಂಚೆಯವರನ್ನು ಬೈಯಬೇಡ, ಮುರಿದವನು ನಾನು.