ಠಾಣೆ ಯಾವ ಸೈಡ್ ಬರ್ತದೆ

ಮಾವಾ,

ನೀವಿದ್ದಾಗ ಎದುರು ಕೂತು ಹೇಳಬೇಕಾಗಿದ್ದ ಮಾತು ಇದು. ಆಗ ನನಗೆ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳಬಹುದು. ಆದರೆ ಗೊತ್ತುಮಾಡಿಕೊಳ್ಳಲು ನಾನು ಏನಾದರೂ ಮಾಡಿದೆನೇ?

ಠಾಣೆ ಪಕ್ಕದ ಕಳವಾ ಊರಿನ ನಿಮ್ಮ ಕೋಣೆಗೆ, ನಿಮ್ಮಿಂದ ಆಡಿಸಿ ನೋಡಲೆಂದು, ನಾನು ಮಾಡುತ್ತಿದ್ದ ಆ ಆಟ ತಂದ ಮೊದಲ ಭಾನುವಾರ ನೆನಪಿದೆಯಾ? ಚಿತ್ರವೇ ಇಲ್ಲದ, ಹೆಡ್‌ಫೋನ್ ಹಾಕಿ ಕಿವಿಯಿಂದಲೇ ಆಡುವ ಕನ್ನಡದ ಮೊಬೈಲ್ ಆಟ. ಮನೆ ಬಿಟ್ಟುಹೋದ ತಂಗಿಯನ್ನು ಹುಡುಕುತ್ತ ಒಬ್ಬಾಕೆ ಕಲ್ಯಾಣದಲ್ಲಿ ಮುಂಬಯಿಯ ಲೋಕಲ್ ರೈಲು ಹತ್ತಿ, ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಘಣಸೋಲಿಗೆ ಹೋಗುವ ಕಥೆ. ಸ್ಟೇಷನ್ನಿನ ಚಹಾದವನ ಕೂಗು ಯಾವ ಕಿವಿಗೆ ಬೀಳುತ್ತದೋ ಪ್ಲಾಟ್‌ಫಾರ್ಮ್ ಆ ಕಡೆ, ಆ ಕಡೆಗೇ ಬೆರಳು ಒತ್ತಬೇಕು, ತಪ್ಪಿದರೆ ಮತ್ತೆ ಕಲ್ಯಾಣದಿಂದ ಶುರು. ಸಕ್ಕರೆ ಕಾಯಿಲೆ ನಿಮ್ಮ ಎರಡೂ ಕಣ್ಣು ತೆಗೆದು ಮೂರು ವರ್ಷವಾಗಿತ್ತು. ನಾನೋ, ಇದು ನಮ್ಮ ಮಾವನಂಥವರಿಗಾಗಿಯೇ ಮಾಡಿದ್ದು ಎಂದು ನಾನಿರುವ ಡೊಂಬಿವಲಿ ತುಂಬ ಹೇಳಿಕೊಂಡು ತಿರುಗುತ್ತಿದ್ದೆ.

ಕಲ್ಯಾಣದಲ್ಲಿ ಕೂಗು ಬಲಕ್ಕೆ. ನೀವು ಚಕ್ಕನೆ ಹತ್ತಿಬಿಟ್ಟಿರಿ. ಠಾಣೆಯಲ್ಲಿ ಎಡಕ್ಕೆ. ನೀವು ಬೆರಳು ಎತ್ತಿಕೊಂಡು ಕಾದಿರಿ, ಕಾದೇ ಕಾದಿರಿ, ಗಾಡಿ ಮುಂದೆ ಹೋಯಿತು. ಮೂರು ವಾರ ಅದೇ ಕಥೆ.

"ಠಾಣೆ ಯಾವ ಸೈಡ್ ಬರ್ತದೆ, ಸ್ವಲ್ಪ ಹೇಳ್ತೀಯಾ ಮಾರಾಯ್ತಿ?"

"ಹೇಳಿದ್ರೆ ಚೀಟಿಂಗ್ ಆಗುತ್ತೆ ಮಾವಾ. ಸರಿಯಾಗಿ ಕೇಳಿಸ್ಕೊಳ್ಳಿ. ಮೂವತ್ತು ವರ್ಷ ಹೋಟೆಲ್ ಕೆಲಸಕ್ಕೆ ಅಂತ ಇಳಿದ ಸ್ಟೇಷನ್ ಅಲ್ವಾ?"

ನೀವು ನಕ್ಕಿರಿ. ಆ ನಗುವನ್ನು ನಾನು ಆಗ ಹೇಗೆ ಅರ್ಥ ಮಾಡಿಕೊಂಡೆ ಎಂದು ನೆನೆದರೆ...

ಕೊನೆಯ ಭಾನುವಾರ ನನ್ನ ಜೊತೆ ಆ ಆಟ ತಯಾರಿಸುತ್ತಿದ್ದ ಗೆಳತಿಯ ಫೋನ್ ಬಂತು. ನಿಮ್ಮ ಪಕ್ಕದಲ್ಲೇ ಕೂತು ಹಿಂದಿಯಲ್ಲಿ ಹೇಳಿದೆ: "ಉನ್ಕೋ ಛೋಡ್, ಉನ್ಸೆ ನಹೀ ಹೋಗಾ. ಕೋಯೀ ದೂಸ್ರಾ ಢೂಂಢ್ತೇ ಹೈಂ." ಅವರನ್ನು ಬಿಡು, ಅವರಿಂದ ಆಗದು, ಬೇರೆ ಯಾರನ್ನಾದರೂ ಹುಡುಕೋಣ ಎಂದು. ಠಾಣೆಯ ಗಿರಾಕಿಗಳ ಜೊತೆ ಮೂವತ್ತು ವರ್ಷ ಹಿಂದಿ ಆಡಿದ ಮನುಷ್ಯನಿಗೆ ಹಿಂದಿ ತಿಳಿಯುವುದಿಲ್ಲವೇ? ನೀವು ಹೆಡ್‌ಫೋನ್ ತೆಗೆದು, ವಯರನ್ನು ಸುತ್ತಿ, ನನ್ನ ಕೈಗಿಟ್ಟಿರಿ. "ಚಾ ಕುಡ್ದು ಹೋಗು" ಎಂದಿರಿ. ನಾನು ಕುಡಿಯಲಿಲ್ಲ. ಆಮೇಲೆ ಬರಲೂ ಇಲ್ಲ.

ನಿಮ್ಮ ಹದಿಮೂರನೆಯ ದಿನದ ಊಟವಾದ ಮೇಲೆ ಅತ್ತೆಯ ಹತ್ತಿರ ಆಟದ ಸುದ್ದಿ ತೆಗೆದೆ. ಮಾವ ಠಾಣೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರು ಎಂದು ತಮಾಷೆಯಾಗಿ ಹೇಳಿದೆ.

"ಎಡಗಿವಿ ಪೂರ್ತಿ ಹೋಗಿತ್ತಲ್ಲ ಅವರದ್ದು," ಎಂದರು ಅತ್ತೆ. "ಹೋಟೆಲಿನ ಗ್ರೈಂಡರ್ ಪಕ್ಕವೇ ನಿಂತದ್ದಲ್ವಾ ಅಷ್ಟು ವರ್ಷ."

"ನನಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ನೀನು ಬೇರೆಯವರನ್ನು ಹುಡುಕ್ತಿ ಅಂತ. ಭಾನುವಾರ ಬೆಳಿಗ್ಗೆಯೇ ಶೇವ್ ಮಾಡಿ ಕೂರ್ತಿದ್ರು. ನೀನು ಬರುದು ನಿಲ್ಸಿದ ಮೇಲೂ."

ಮಾವಾ, ನನಗೆ ತಲೆ ಎತ್ತಲಾಗಲಿಲ್ಲ. ಈಗಲೂ ಆಗುತ್ತಿಲ್ಲ. ಕುರುಡರಿಗೆಂದು ಆಟ ಮಾಡಿದವಳು ಕಣ್ಣೆದುರು ಕೂತ ಒಬ್ಬರ ಕಿವಿಯನ್ನು ವಿಚಾರಿಸಲಿಲ್ಲ. ಕಣ್ಣು ಹೋದ ಮೇಲೂ ನೀವು ಲೋಕಲ್‌ನಲ್ಲಿ ಓಡಾಡಿದ್ದು ಹೇಗೆ? ಪಕ್ಕದವರನ್ನು ಕೇಳಿಕೊಂಡು. ಕಣ್ಣಿದ್ದವರೂ ಕೇಳುತ್ತಾರೆ. ಅದನ್ನೇ ನಾನು ಚೀಟಿಂಗ್ ಎಂದೆ.

ಆಟ ತಿದ್ದಲೆಂದು ನೀವು ಆಡಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದೆ. ಕೇಳಲು ಧೈರ್ಯ ಬಂದದ್ದು ಎಷ್ಟೋ ತಿಂಗಳ ಮೇಲೆ. ನಿಮ್ಮ ಪ್ರಶ್ನೆ ಇದೆ. ಅದರ ಹಿಂದೆಯೇ ನಾನು ಬಿಟ್ಟ ನಿಟ್ಟುಸಿರೂ ಇದೆ.

ಹೊಸ ಸುದ್ದಿ ಹೇಳಿಬಿಡುತ್ತೇನೆ. ಈಗ ಒಂದೇ ಕಿವಿ ಕೇಳಿಸುವವರೂ ಆಡಬಹುದು. ತೋಚದಿದ್ದರೆ ಎರಡು ಸಲ ತಟ್ಟಿ ಪಕ್ಕದ ಪ್ರಯಾಣಿಕಳನ್ನು ಕೇಳಬಹುದು. ಘಣಸೋಲಿಯಲ್ಲಿ ತಂಗಿ ಸಿಗುವವರೆಗೆ ಎಷ್ಟು ಸಲ ಬೇಕಾದರೂ ಕೇಳಬಹುದು. ಯಾರು ತಟ್ಟಿದರೂ ಪ್ರಶ್ನೆ ಕೇಳುವ ದನಿ ನಿಮ್ಮದೇ, ಆ ಭಾನುವಾರದ್ದೇ: "ಠಾಣೆ ಯಾವ ಸೈಡ್ ಬರ್ತದೆ, ಸ್ವಲ್ಪ ಹೇಳ್ತೀಯಾ ಮಾರಾಯ್ತಿ?" ಉತ್ತರ ಮಾತ್ರ ನಾನು ಹೊಸದಾಗಿ ಹೇಳಿದ್ದು.

"ಎಡಕ್ಕೆ ಬರುತ್ತೆ ಮಾವಾ. ನಿಧಾನ ಇಳೀರಿ."