ನಮ್ಮ ಕಟ್ಟೆಯ ಮೇಲೆ ಬಿದ್ದ ಹಸಿರು ಚುಕ್ಕೆಗಳು

ಮಾನ್ಯ ನಗರ ಯೋಜನಾಧಿಕಾರಿಗಳೇ,

ನಮ್ಮ ಮನೆಯ ಮುಂದಿನ ಕೋಣೆಯನ್ನೂ ಅದಕ್ಕೆ ಅಂಟಿದ ಕಲ್ಲುಕಟ್ಟೆಯನ್ನೂ ಕೆಡವುವುದಾಗಿ ನೀವು ಕಳಿಸಿದ ನೋಟಿಸು ತಲುಪಿತು. ಕಾರಣವನ್ನೂ ದಯಮಾಡಿ ಬರೆದಿದ್ದೀರಿ: ಬಡಾವಣೆಯ ಜನ ಬೇರೆಲ್ಲ ಜಾಗಗಳಿಗಿಂತ ಈ ಜಾಗವನ್ನೇ ಹೆಚ್ಚು ಇಷ್ಟಪಟ್ಟಿದ್ದಾರಂತೆ. ಮನೆ ಹಳತಾಯಿತೆಂದೋ ರಸ್ತೆಗೆ ಅಡ್ಡವಾಯಿತೆಂದೋ ಕೆಡವುವುದನ್ನು ಕೇಳಿದ್ದೆ. ಇಷ್ಟವಾಯಿತೆಂದು ಕೆಡವುವವರನ್ನು ಕಂಡದ್ದು ಇದೇ ಮೊದಲು. ಆಕ್ಷೇಪಣೆ ಇದ್ದರೆ ತಿಂಗಳೊಳಗೆ ತಿಳಿಸಿ ಎಂದಿದ್ದೀರಿ. ತಿಳಿಸುತ್ತಿದ್ದೇನೆ, ಅದೂ ಊರಿಗೆಲ್ಲ ಕೇಳುವ ಹಾಗೆ. ಏಕೆಂದರೆ ನಿಮ್ಮ ಕಚೇರಿಯೊಳಗೆ ಹೋದ ಕಾಗದ ಹೊರಗೆ ಬಂದದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ.

ನಮ್ಮದು ಏರುಬೀದಿ. ಬಸ್ಸು ಕೆಳಗೇ ನಿಲ್ಲುತ್ತದೆ, ಹೊಸ ಮನೆಗಳು ಮಾತ್ರ ಮೇಲೆ ಮೇಲೆ ಏಳುತ್ತಿವೆ. ತರಕಾರಿ ಚೀಲ, ಅಕ್ಕಿ ಮೂಟೆ, ಕಂಕುಳಲ್ಲಿ ಮಗು, ಎಲ್ಲವನ್ನೂ ಹೊತ್ತು ನಡೆದೇ ಹತ್ತಬೇಕು. ಏರಿನ ನಟ್ಟನಡುವೆ, ಸರಿಯಾಗಿ ಉಸಿರು ಕೈಕೊಡುವ ಕಡೆ ನಮ್ಮ ಮನೆಯಿದೆ. ಹತ್ತುವವರೆಲ್ಲ ಚೀಲ ಇಳಿಸಿ ಕಟ್ಟೆಯ ಮೇಲೆ ಕೂರುತ್ತಾರೆ. ಕೂತವರಿಗೆ ನಮ್ಮತ್ತೆ ನೀರು ಕೊಡುತ್ತಾರೆ, ಚೀಲದೊಳಗೆ ಇಣುಕಿ, "ಇದೇನು ಬದನೆಕಾಯಿ, ಒಳಗೆಲ್ಲ ಹುಳ! ಮೋಸ ಹೋದ್ರಿ ಬಿಡಿ" ಎಂದು ಸಮಾಧಾನವನ್ನೂ ಹೇಳುತ್ತಾರೆ. ಕಿಟಕಿಯ ಒಳಗೆ, ಆ ಮುಂದಿನ ಕೋಣೆಯಲ್ಲಿ, ನಾನು ಹೊಲಿಗೆ ಯಂತ್ರದ ಮುಂದೆ ಕೂತಿರುತ್ತೇನೆ. ಕಟ್ಟೆಯ ಮೇಲೆ ಕೂತವರ ಹರಿದ ತೋಳು, ಬಿಚ್ಚಿದ ಅಂಚು ಅವರಿಗಿಂತ ಮೊದಲು ನನ್ನ ಕಣ್ಣಿಗೆ ಬೀಳುತ್ತದೆ. ನಮ್ಮ ಮನೆಯ ಒಲೆ ಉರಿಯುವುದು ಹೀಗೆ. ಅತ್ತೆಯ ಈ ಪರೋಪಕಾರ ನೋಡಿ "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗೊಣಗಿದ ದಿನಗಳೂ ಇದ್ದವು. ಗಾದೆ ಇಷ್ಟು ಬೇಗ ನಿಜವಾಗುತ್ತದೆಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಇನ್ನು ನಿಮ್ಮ ಸಾರ್ವಜನಿಕ ಅಭಿಪ್ರಾಯ ಸಭೆಯ ವಿಚಾರ. ಶಾಲೆಯ ಹಾಲಿನಲ್ಲಿ ಮೇಜುಗಳನ್ನು ಜೋಡಿಸಿ, ಬಡಾವಣೆಯ ದೊಡ್ಡ ನಕ್ಷೆ ಹಾಸಿದ್ದಿರಿ. ಅದರ ಮೂಲೆಯಲ್ಲಿ ನಿಮ್ಮ ಕಚೇರಿಯೂ ಇತ್ತು, ನಮ್ಮ ಮನೆಗಿಂತ ದಪ್ಪ ಗೆರೆಯಲ್ಲಿ. ನಿಮ್ಮ ಕಡೆಯ ಹುಡುಗಿ, ಪಾಪ ಒಳ್ಳೆಯವಳು, ಎಲ್ಲರಿಗೂ ಅಂಟಿಸುವ ಚುಕ್ಕೆ ಹಂಚಿ, "ಇಷ್ಟವಾದ ಜಾಗಕ್ಕೆ ಹಸಿರು, ಕಷ್ಟ ಕೊಡೋ ಜಾಗಕ್ಕೆ ಕೆಂಪು. ಸಂಕೋಚ ಬೇಡ, ಇದು ನಿಮ್ಮದೇ ಯೋಜನೆ" ಎಂದಳು. ನಮ್ಮನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಹಿಗ್ಗಿಹೋದೆವು. ಮೊದಲು ಮುಂದೆ ಬಂದವರು ಬೀದಿಯವರೆಲ್ಲ ಏದುಸಿರು ಮಾವ ಎಂದು ಕರೆಯುವವರು. ಮೇಲಿನ ತಿರುವಿನಲ್ಲಿ ಒಬ್ಬರೇ ಇರುವ ದಢೂತಿ ಮನುಷ್ಯ, ಅವರಿಗಿಂತ ಮೊದಲು ಅವರ ಉಸಿರು ಮನೆ ತಲುಪುತ್ತದೆ. ಬೆರಳಿಟ್ಟು ನಮ್ಮ ಕಟ್ಟೆ ಹುಡುಕಿ, "ಇದೊಂದು ಇಲ್ದಿದ್ರೆ ನಾನು ಯಾವತ್ತೋ ಗೋಡೆ ಮೇಲಿನ ಫೋಟೋ ಆಗಿರ್ತಿದ್ದೆ" ಎಂದು ಹಸಿರು ಚುಕ್ಕೆ ಅಂಟಿಸಿದರು. ಅವರ ಹಿಂದೆ ಇಡೀ ಬೀದಿ ಅಂಟಿಸಿತು. ನೋಡನೋಡುತ್ತಲೇ ನಕ್ಷೆಯಲ್ಲಿ ನಮ್ಮ ಮನೆ ಹಸಿರಿನಡಿ ಮುಚ್ಚಿಹೋಯಿತು. ಅತ್ತೆಯ ಮುಖ ಊರಗಲವಾಗಿತ್ತು. ತಮ್ಮ ಪಾಲಿನ ಹಸಿರು ಚುಕ್ಕೆಯನ್ನು ಮಾತ್ರ, "ನನ್ನ ಮನೆಗೆ ನಾನೇ ಅಂಟಿಸಿದ್ರೆ ಚೆನ್ನಾಗಿರಲ್ಲ ಕಣೇ" ಎಂದು ಕೈಚೀಲದೊಳಗೆ ಇಟ್ಟುಕೊಂಡರು.

ಕೊಳಾಯಿ ರಿಪೇರಿಯವನು ಬರುವಷ್ಟರಲ್ಲಿ ಕೆಂಪು ಚುಕ್ಕೆ ಮುಗಿದಿತ್ತು. ಕೆಳಗಿನ ತಿರುವಿನ ತೆರೆದ ಮೋರಿಯನ್ನು ತೋರಿಸಬೇಕಿತ್ತು ಅವನಿಗೆ. "ಬಣ್ಣದಲ್ಲೇನಿದೆ? ಜಾಗ ತೋರಿಸಿದ್ರೆ ಸಾಕು. ಓದಿದೋರಿಗೆ ಅಷ್ಟೂ ಅರ್ಥ ಆಗಲ್ವಾ?" ಎಂದು ಹಸಿರನ್ನೇ ಅಂಟಿಸಿದ. ನಿಮ್ಮ ಓದಿನ ಮೇಲೆ ಅವನಿಗಿದ್ದ ನಂಬಿಕೆ ನೋಡಿ! ಯೋಜನೆ ಹೊರಬಂದಾಗ ಆ ಮೋರಿ "ಜನಪ್ರಿಯ ಜಲತಾಣ" ಆಗಿತ್ತು. ನೀರು ಕಾಣುವಂತೆ ಮೇಲೆ ಏನೂ ಮುಚ್ಚದೆ, ಎದುರಿಗೆ ಎರಡು ಬೆಂಚು ಹಾಕುತ್ತೀರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಮೂಗಿರುವ ಒಬ್ಬರನ್ನಾದರೂ ಆ ತಿರುವಿಗೆ ಕಳಿಸಿ ನೋಡಬಾರದಿತ್ತೇ?

ನಮ್ಮ ಕಟ್ಟೆಯ ಚಿತ್ರವನ್ನೂ ಬರೆಸಿದ್ದೀರಿ, ಬಲು ಚೆಂದವಾಗಿದೆ. ಮನೆಯ ಮುಂಭಾಗ ಮಾಯ. ಗಾಜಿನ ಚಾವಣಿ, ಅದರಡಿ "ಸಮುದಾಯ ವಿಶ್ರಾಂತಿ ತಾಣ", ನನ್ನ ಹೊಲಿಗೆ ಯಂತ್ರ ಇರುವ ಕಡೆ ಒಂದು ಗಿಡ. ಕೂತವರೆಲ್ಲ ತೆಳ್ಳಗೆ ಬೆಳ್ಳಗೆ ಇದ್ದಾರೆ, ಒಬ್ಬರ ಕೈಯಲ್ಲೂ ಚೀಲವಿಲ್ಲ. ಚೀಲವಿಲ್ಲದವರು ನಮ್ಮ ಏರಿನಲ್ಲಿ ಯಾಕೆ ಕೂರುತ್ತಾರೆ ಸ್ವಾಮಿ? ಇದನ್ನೇ ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು, "ಜನರೇ ಆರಿಸಿದ್ದಮ್ಮಾ, ಜನರ ಮಾತು ಮೀರೋಕಾಗಲ್ಲ" ಎಂದರು. "ನಾವೂ ಜನಾನೇ ಅಲ್ವಾ?" ಎಂದೆ. "ನೀವು ಒಂದು ಮನೆಯೋರು. ಅವರು ಜನ" ಎಂದು ಕಿಟಕಿ ಮುಚ್ಚಿದರು.

ಆ ಜನ ಇಷ್ಟಪಟ್ಟದ್ದು ಕಲ್ಲನ್ನಲ್ಲ. ಸಭೆಗೂ ಮುಂಚೆ ಒಂದು ಬೆಳಿಗ್ಗೆ ಅತ್ತೆ ಕಿಟಕಿಯಲ್ಲಿ ತಲೆ ಹಾಕಿ, "ಲೇ, ಮಾವ ಇನ್ನೂ ಇಳಿದು ಬಂದಿಲ್ಲ. ಒಂದ್ಸಲ ಹೋಗಿ ನೋಡು" ಎಂದರು. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೇ ಓಡಿದೆ. ಏದುಸಿರು ಮಾವ ಬಚ್ಚಲಲ್ಲಿ ಬಿದ್ದಿದ್ದರು, ಕೂಗಲೂ ಆಗದೆ. ಬೀದಿಯವರೆಲ್ಲ ಸೇರಿ ಹೊತ್ತು ಇಳಿಸಿದೆವು, ಬದುಕಿಕೊಂಡರು. ಯಾರು ಹತ್ತಿದರು, ಯಾರು ಇಳಿಯಲಿಲ್ಲ ಎಂದು ನಿಮ್ಮ ಗಾಜಿನ ಚಾವಣಿ ನೋಡುತ್ತಿರುತ್ತದೆಯೇ?

ನೋಟಿಸು ಬಂದ ಮೇಲೆ ಮಾವ ನಮ್ಮ ಬಾಗಿಲಲ್ಲಿ ನಿಂತು, "ತಪ್ಪಾಯ್ತಮ್ಮಾ, ನನ್ನ ಚುಕ್ಕೆ ನಾನೇ ಕಿತ್ತು ಬರ್ತೀನಿ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮಾರನೆಯ ದಿನ ಕಟ್ಟೆಯ ಕಡೆ ನೋಡದೆ ಹತ್ತಲು ಹೋಗಿ, ಸ್ವಲ್ಪ ಮುಂದೆ ರಸ್ತೆಯ ಮೇಲೇ ಕುಸಿದು ಕೂತರು. ಅತ್ತೆಯೂ ಬದಲಾಗಿದ್ದಾರೆ. ಕೂತವರಿಗೆ ನೀರು ಕೊಟ್ಟು, "ಬೇಗ ಎದ್ದು ಹೋಗಿ. ಜಾಸ್ತಿ ಹೊತ್ತು ಕೂತ್ರೆ ಇನ್ನೂ ಇಷ್ಟ ಆಗ್ಬಿಡುತ್ತೆ" ಎನ್ನುತ್ತಾರೆ. ಬೀದಿಯವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಈಚೆಗೆ ಅವರು ಯಾರ ಚೀಲದೊಳಗೂ ಇಣುಕುತ್ತಿಲ್ಲ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನೋಟಿಸು ವಾಪಸು ತೆಗೆದುಕೊಳ್ಳಿ. ಏರಿನ ಉದ್ದಕ್ಕೂ ಹಿಡಿದು ಹತ್ತಲು ಕಂಬಿ ಹಾಕಿಸಿ. ಮೇಲಿನ ತಿರುವಿನಲ್ಲಿ, ಮಾವನ ಮನೆಯಾಚೆಯ ಖಾಲಿ ಜಾಗದಲ್ಲಿ ಬೆಂಚು ಹಾಕಿ. ಅಲ್ಲಿ ಯಾರ ಮನೆಯೂ ಇಲ್ಲ, ಕೆಡವುವ ಸುಖ ಮಾತ್ರ ತಪ್ಪುತ್ತದೆ, ಕ್ಷಮಿಸಿ. ಮೋರಿಗೆ ಚಪ್ಪಡಿ ಮುಚ್ಚಿಸಿ. ಇದಕ್ಕೂ ಮೊದಲು ಒಂದು ದಿನ, ಜೀಪು ಬಿಟ್ಟು, ಎರಡು ಕೈಗೂ ಚೀಲ ಹಿಡಿದು ನಮ್ಮ ಏರು ಹತ್ತಿ. ನಡುವೆ ಎಲ್ಲಿ ಕೂರಬೇಕೆಂದು ನಿಮ್ಮ ಮೊಣಕಾಲೇ ಹೇಳುತ್ತದೆ. ನೀರು ಕೊಡುತ್ತೇವೆ.

ಇದಾವುದೂ ಆಗದಿದ್ದರೂ ಬೇಸರವಿಲ್ಲ. ಅಭಿಪ್ರಾಯ ಸಭೆ ಇನ್ನೊಂದು ಸಲ ನಡೆಯುತ್ತದೆಂದು ನೀವೇ ಸಾರಿದ್ದೀರಿ, ಅದೇ ನಕ್ಷೆ, ಅದೇ ಚುಕ್ಕೆಗಳು. ಈ ಸಲ ನಮ್ಮ ಬೀದಿಯವರೆಲ್ಲ ಮಾತಾಡಿಕೊಂಡಿದ್ದೇವೆ. ಆ ಮೂಲೆಯಲ್ಲಿ, ದಪ್ಪ ಗೆರೆಯೊಳಗೆ, ಫ್ಯಾನಿನಡಿ ನೀವು ಕೂರುವ ಕೋಣೆ ನಮಗೆಲ್ಲ ಇದ್ದಕ್ಕಿದ್ದಂತೆ ತುಂಬಾ ಇಷ್ಟವಾಗಿಬಿಟ್ಟಿದೆ. ಮೊದಲ ಹಸಿರು ಚುಕ್ಕೆ ನಮ್ಮತ್ತೆಯದು, ಕೈಚೀಲದಲ್ಲಿ ಈಗಲೇ ಸಿದ್ಧವಾಗಿದೆ. ಇಷ್ಟು ಜನ ಇಷ್ಟಪಟ್ಟ ಜಾಗವನ್ನು ಏನು ಮಾಡಬೇಕೆಂದು ನಿಮಗೆ ನಾವು ಹೇಳಿಕೊಡಬೇಕಿಲ್ಲ.

ಇಂತಿ,
ಎಲ್ಲರ ಪ್ರೀತಿಗೆ ಪಾತ್ರಳಾಗಿ ಬೀದಿಗೆ ಬೀಳಲಿರುವ
ಏರುಬೀದಿಯ ಹೊಲಿಗೆಯವಳು